ಯಾರ ಕಿವಿಗೂ ಬೀಳದ ಗಿಟಾರು

ನನ್ನ ಬಾಯಿ ಎಂಥದ್ದು ಎಂದು ಮೂಡುಬಿದಿರೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ‘ವಿಸ್ಮಿತಾಳ ಹತ್ತಿರ ಹೇಳುವುದೂ ಒಂದೇ, ಊರಿಗೆ ಮೈಕ್ ಕಟ್ಟಿಸುವುದೂ ಒಂದೇ’ ಎಂದು ಪಕ್ಕದ ಅಂಗಡಿಯ ಶಾಫಿಯಣ್ಣ ನನ್ನ ಎದುರೇ ಹೇಳುತ್ತಾನೆ. ಅವನದ್ದು ಮಿಕ್ಸಿ, ಗ್ರೈಂಡರ್ ರಿಪೇರಿ. ನನ್ನದು ವಾದ್ಯಗಳ ರಿಪೇರಿ. ಅಪ್ಪ ರುಕ್ಮಯ್ಯ ಹಾರ್ಮೋನಿಯಂ ಬಿಚ್ಚುತ್ತಿದ್ದ ಮೇಜಿನ ಮೇಲೆ ನಾನು ಗಿಟಾರು ಬಿಚ್ಚುತ್ತೇನೆ, ಅಷ್ಟೇ ವ್ಯತ್ಯಾಸ. ಈ ಒಂದು ಸಂಗತಿಯನ್ನು ಮಾತ್ರ ಇದುವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಹೆಸರು ಬದಲಿಸಿದ್ದೇನೆ. ಬರೆದರೆ ಸದ್ದಾಗುವುದಿಲ್ಲವಲ್ಲ ಎಂಬ ಧೈರ್ಯ ಬೇರೆ.

ಒಂದು ಬೆಳಿಗ್ಗೆ ವೇಣೂರಿನ ಬಸ್ಸಿನಿಂದ ಇಳಿದ ಹೆಂಗಸೊಬ್ಬರು ಉದ್ದದ ಗೋಣಿಚೀಲವೊಂದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಅಂಗಡಿಗೆ ಬಂದರು. ವಯಸ್ಸು ಅರವತ್ತರ ಹತ್ತಿರ. ಇಸ್ತ್ರಿ ಮಾಡಿದ ನೂಲಿನ ಸೀರೆ, ಬೆವರಿದ ಮುಖ. ಚೀಲದೊಳಗೆ ಹೊದಿಕೆ, ಹೊದಿಕೆಯೊಳಗೆ ಹಳೆಯ ಪಂಚೆ, ಅದರೊಳಗೆ ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರು.

“ನನ್ನ ಹೆಸರು ಅನಂತಮತಿ. ಇದು ನಮ್ಮವರದ್ದು” ಎಂದರು. “ಮೂವತ್ತು ವರ್ಷದಿಂದ ಯಾರೂ ಮುಟ್ಟಲಿಲ್ಲ. ಅವರು ಪಾಣೆಮಂಗಳೂರಿಗೆ ನೆಂಟರ ಹೊಸ ಮನೆಯ ಒಕ್ಕಲಿಗೆ ಹೋಗಿದ್ದಾರೆ. ನಾಡಿದ್ದು ಬರುವುದರೊಳಗೆ ಸರಿ ಮಾಡಿ ಕೊಡಬೇಕು.”

ಮೂವತ್ತು ವರ್ಷ ಯಾರೂ ಮುಟ್ಟದ ಗಿಟಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಟ್ಟದಿಂದ ಇಳಿಸಿ ತರುತ್ತಾರೆ. ತಂತಿಗಳು ತುಕ್ಕು ಹಿಡಿದಿರುತ್ತವೆ. ಕೊರಳಿನ ಉದ್ದಕ್ಕೂ ಅಡ್ಡಡ್ಡ ಕೂರಿಸಿದ ಲೋಹದ ಸರಿಗೆಗಳುಂಟಲ್ಲ, ಫ್ರೆಟ್ ಎನ್ನುತ್ತೇವೆ, ಅವು ಕಿಲುಬು ಹಿಡಿದು ಮಂಕಾಗಿರುತ್ತವೆ. ಪಾಲಿಶ್ ಬಿರುಕು ಬಿಟ್ಟಿದ್ದರೂ ಸವೆದಿರುವುದಿಲ್ಲ. ಯಾಕೆಂದರೆ ಸವೆಸಲು ಮನುಷ್ಯ ಬೇಕು.

ಈ ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಲಗೈ ಮೊಣಕೈಯಿಂದ ಕೆಳಗೆ ಒರಗುವ ಜಾಗದಲ್ಲಿ ಕೆಂಪು ಬಣ್ಣ ಹೋಗಿತ್ತು. ಅದರ ಅಡಿಯ ಬಿಳಿ ಬಣ್ಣವೂ ಹೋಗಿ, ಮರ ಬೆತ್ತಲೆಯಾಗಿ, ಆ ಮರವೂ ಎಣ್ಣೆ ಕುಡಿದ ಮಣೆಯಂತೆ ಮಿನುಗುತ್ತಿತ್ತು. ಫ್ರೆಟ್‌ಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದೊಂದರಲ್ಲೂ ತಂತಿ ಕೂರುವಲ್ಲಿ ಗುಂಡಿ. ಸಪೂರ ತಂತಿಗಳ ಕೆಳಗಿನ ಗುಂಡಿಗಳು ಅಗಲಕ್ಕೆ ಹರಡಿದ್ದವು. ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದು ಸ್ವರವನ್ನು ಅಳುವಂತೆ ಮಾಡುವವನ ಗುರುತು ಅದು. ಫ್ರೆಟ್‌ಗಳ ನಡುವಿನ ಕರಿಮರ, ಬಸದಿಯ ಮೆಟ್ಟಿಲು ನಡುವಿನಲ್ಲಿ ತಗ್ಗಾಗುವ ಹಾಗೆ, ಬೆರಳಿನ ಅಗಲಕ್ಕೆ ತಗ್ಗಾಗಿತ್ತು.

ಇನ್ನೂ ಎರಡು ವಿಷಯ ಕಂಡವು. ಗಿಟಾರು ಮೀಟುವವರು ಪಿಕ್ ಎಂಬ ಪ್ಲಾಸ್ಟಿಕ್ ಚೂರು ಹಿಡಿಯುತ್ತಾರೆ. ಅದು ತಾಗಿ ತಾಗಿ ತಂತಿಯ ಕೆಳಗೆ ಗೀರುಗಳಾಗುತ್ತವೆ. ಇದರಲ್ಲಿ ಒಂದು ಗೀರೂ ಇರಲಿಲ್ಲ. ಹೆಬ್ಬೆರಳಿನ ಮಾಂಸ ಉಜ್ಜಿ ಬಣ್ಣ ಮೆತ್ತಗೆ ಮಾಯವಾಗಿತ್ತು. ಮತ್ತೆ, ಕರೆಂಟಿನ ವಯರು ಚುಚ್ಚುವ ತೂತಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಹಳೆಯ, ಕಲ್ಲಿನಂತಾದ ಗೂಡು.

ವಯರು ಇಲ್ಲದ ಎಲೆಕ್ಟ್ರಿಕ್ ಗಿಟಾರೆಂದರೆ ತಂತಿ ಕಟ್ಟಿದ ಹಲಗೆ. ಅದರ ಸದ್ದು ಮೊರದ ಅಕ್ಕಿಯಲ್ಲಿ ಕೈಯಾಡಿಸಿದಷ್ಟು. ಇದನ್ನು ಯಾರೋ ವರ್ಷಗಟ್ಟಲೆ, ಆ ಸದ್ದನ್ನೂ ಇನ್ನಷ್ಟು ಕಡಿಮೆ ಮಾಡಿಕೊಂಡು, ಹೆಬ್ಬೆರಳಿನಿಂದ ನುಡಿಸಿದ್ದಾರೆ. ನಾನು ಹುಟ್ಟಿದಂದಿನಿಂದ ವಾದ್ಯಗಳ ನಡುವೆ ಬೆಳೆದವಳು, ಇಷ್ಟು ಸಂಗೀತ ಒಂದು ಮರದೊಳಗೆ ಹೋಗಿ ಹೊರಗೆ ಬಾರದೆ ಉಳಿದದ್ದನ್ನು ನೋಡಿರಲಿಲ್ಲ.

ಆದರೆ ನನ್ನ ಬಾಯಿ ಸುಮ್ಮನಿರುತ್ತದೆಯೇ?

“ಅಮ್ಮಾ, ಮುಟ್ಟದ ಗಿಟಾರು ಹೀಗಿರುವುದಿಲ್ಲ. ಇದನ್ನು ದಿನಾ ನುಡಿಸ್ತಾ ಇದ್ದಾರೆ. ಮೊನ್ನೆ ಮೊನ್ನೆಯವರೆಗೂ.”

ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಬೀಳಲಿಲ್ಲ. ಬಾಗಿಲ ಕಡೆಗೊಮ್ಮೆ ನೋಡಿ ಸ್ಟೂಲು ಹತ್ತಿರ ಎಳೆದುಕೊಂಡು ಕುಳಿತರು.

“ಮೆಲ್ಲ ಮಾತಾಡಿ ಮಗಾ” ಎಂದರು. “ನನಗೆ ಗೊತ್ತುಂಟು.”

ಅವರು ಹೇಳಿದ್ದು ಇಷ್ಟು. ಗಂಡ ಭರತರಾಜರು ಊರಿನ ಸಣ್ಣ ಬಸದಿಯೊಂದನ್ನು ನೋಡಿಕೊಳ್ಳುವವರು. ಪ್ರಾಯದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದರು. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಜನ ಹುಡುಕಿಕೊಂಡು ಬಂದು ಕರೆದೊಯ್ಯುತ್ತಿದ್ದರಂತೆ. ಅನಂತಮತಿಯವರ ಚೊಚ್ಚಲ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಡಾಕ್ಟರು ಕೈಚೆಲ್ಲಿದರು. ಭರತರಾಜರು ಬಸದಿಗೆ ಓಡಿ ಪದ್ಮಾವತಿ ಅಮ್ಮನವರ ಎದುರು ನಿಂತು, ಇವಳು ಉಳಿದರೆ ನನ್ನ ಗಿಟಾರು ಇನ್ನು ಯಾರ ಕಿವಿಗೂ ಬೀಳುವುದಿಲ್ಲ ಎಂದು ವ್ರತ ಹಿಡಿದರು.

“ಇದನ್ನು ನನಗೆ ಹೇಳಿದ್ದು ಅತ್ತೆ. ಇವರು ಇವತ್ತಿನವರೆಗೂ ಹೇಳಲಿಲ್ಲ. ನಾನು ಉಳಿದೆ. ಇವರ ಬಾಯಲ್ಲಿ ಮತ್ತೆ ಗಿಟಾರಿನ ಹೆಸರೇ ಬರಲಿಲ್ಲ. ಒಂದು ದಿನ ಗ್ರೈಂಡರ್ ಹಾಕಿದ್ದೆ. ಕರೆಂಟು ಹೋಯಿತು. ಗ್ರೈಂಡರ್ ನಿಂತದ್ದೇ ಉಪ್ಪರಿಗೆಯಿಂದ ಟಿಣ್ ಅಂತ ಒಂದು ಸದ್ದು. ಒಂದೇ. ಕೂಡಲೇ ನಿಂತಿತು.”

“ಆಗ?”

“ಆಗ ಏನು? ಪಾತ್ರೆ ಬಿದ್ದ ಸದ್ದು ಅಂತ ಮನಸ್ಸಿಗೆ ಹೇಳಿಕೊಂಡೆ. ನನಗೆ ಜೀವವೇ ಬಾಯಿಗೆ ಬಂದಿತ್ತು ಮಗಾ. ನನ್ನ ಕಿವಿಗೆ ಬಿದ್ದರೆ ಇವರ ವ್ರತ ಮುರಿದ ಹಾಗೆ ಅಲ್ಲವಾ? ನುಡಿಸದೆ ಇರಲಿಕ್ಕೆ ಇವರಿಂದ ಆಗುವುದಿಲ್ಲ. ಕೇಳದೆ ಇರಲಿಕ್ಕೆ ನನ್ನಿಂದ ಆಗ್ತದಲ್ಲ! ಮರುದಿನದಿಂದ ಸಂಜೆ ಊಟ ಆದ ಕೂಡಲೇ ಗ್ರೈಂಡರ್ ಹಾಕ್ತೇನೆ. ಇವರು ಮೇಲೆ ಹೋಗ್ತಾರೆ. ಇಳಿದು ಬರುವವರೆಗೆ ನಿಲ್ಲಿಸುವುದಿಲ್ಲ.”

“ದಿನಾ ಅಷ್ಟು ಅಕ್ಕಿ ಅರೆಯುವುದಾ?”

ಅವರಿಗೆ ನಗು ಬಂತು. “ಅಕ್ಕಿ ಎಲ್ಲಿಂದ ಮಾರಾಯ್ತಿ! ನಾವು ಜೈನರು, ಕತ್ತಲಾಗುವ ಮೊದಲು ಉಣ್ಣುವವರು. ರಾತ್ರಿ ಇಟ್ಟು ಹುಳಿ ಬಂದ ಹಿಟ್ಟು ನಮ್ಮ ಮನೆಯಲ್ಲಿ ಆಗುವುದಿಲ್ಲ. ಒಂದು ಚೆಂಬು ನೀರು ಹಾಕಿ ಬರಿದೇ ತಿರುಗಿಸ್ತೇನೆ. ಅನಂತಮತಿಯ ಮನೆಯಲ್ಲಿ ದಿನಾ ದೋಸೆ ಅಂತ ನೆರೆಕರೆಯವರಿಗೆ ತಮಾಷೆ. ಕರೆಂಟು ಇಲ್ಲದ ದಿನ ಬಾವಿಕಟ್ಟೆಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತೇನೆ.”

ನಾನು ಗಿಟಾರನ್ನು ನೋಡಿದೆ, ಅವರನ್ನು ನೋಡಿದೆ. ಗಂಡ ಇಷ್ಟು ನುಡಿಸಿದ್ದರ ಒಂದು ಸ್ವರವನ್ನೂ, ಆ ಒಂದು ಟಿಣ್ ಬಿಟ್ಟರೆ, ಕೇಳದೆ ಕೆಳಗೆ ಕುಳಿತವರು ಇವರು. ಅದೂ ಕೇಳಲು ಮನಸ್ಸಿಲ್ಲದೆ ಅಲ್ಲ.

“ಮತ್ತೆ ಈಗ ಏನಾಯಿತು?” ಎಂದು ಕೇಳಿದೆ. ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿತು.

“ಮಳೆಗಾಲ ಮುಗಿದಂದಿನಿಂದ ಇವರು ಮೇಲೆ ಹೋದವರು ಹಾಗೆಯೇ ಇಳಿದು ಬರ್ತಾರೆ. ಗ್ರೈಂಡರ್ ತಿರುಗ್ತಾ ಇರ್ತದೆ, ಇವರು ಜಗಲಿಯಲ್ಲಿ ಕೂತಿರ್ತಾರೆ. ನಾನು ನಿಲ್ಲಿಸುವ ಹಾಗಿಲ್ಲ, ಇವರು ಯಾಕೆ ಅಂತ ಕೇಳುವ ಹಾಗಿಲ್ಲ. ಊಟ ಸೇರುವುದಿಲ್ಲ, ಮಾತು ಬೇಡ. ಒಳಗೊಳಗೇ ಒಣಗ್ತಾ ಇದ್ದಾರೆ. ಮನುಷ್ಯನಿಗೆ ಏನೂ ಆಗಲಿಲ್ಲ ಅಂತ ಡಾಕ್ಟ್ರು ಹೇಳಿದರು. ಹಾಗಾದರೆ ಆದದ್ದು ಇದಕ್ಕೇ ಇರಬೇಕು ಅಂತ ತಂದೆ.”

ಅವರ ಲೆಕ್ಕ ಸರಿಯಾಗಿತ್ತು. ಫ್ರೆಟ್‌ಗಳ ಗುಂಡಿ ಎಷ್ಟು ಆಳವಾಗಿತ್ತೆಂದರೆ, ಎಲ್ಲಿ ಒತ್ತಿದರೂ ತಂತಿ ಮುಂದಿನ ಫ್ರೆಟ್‌ಗೆ ತಾಗಿ ಜೀವವಿಲ್ಲದ ಕಿರಿಕಿರಿ ಬರುತ್ತಿತ್ತು. ಬೇರೆಯವರಾಗಿದ್ದರೆ ಎಂದೋ ರಿಪೇರಿಗೆ ತರುತ್ತಿದ್ದರು. ಭರತರಾಜರು ಯಾವ ಮುಖದಲ್ಲಿ ತಂದಾರು? ವೇಣೂರಿನ ಬಸ್ಸಿನಲ್ಲಿ ಅವರ ಕೈಯಲ್ಲಿ ಗಿಟಾರು ಕಂಡರೆ ಮೂಡುಬಿದಿರೆ ತಲುಪುವ ಮೊದಲೇ ಸುದ್ದಿ ತಲುಪುತ್ತಿತ್ತು.

“ಹಳೆಯ ಫ್ರೆಟ್ ಪೂರಾ ತೆಗೆದು ಹೊಸತು ಹಾಕಬೇಕು” ಎಂದೆ. “ಬಣ್ಣ?”

“ಬಣ್ಣ ಮುಟ್ಟಬೇಡಿ. ಅವರ ಕೈ ಸವೆಸಿದ್ದು ಹಾಗೆಯೇ ಇರಲಿ. ಆ ಗೂಡನ್ನೂ ತೆಗೆಯಬೇಡಿ.”

“ಹೊಸ ಫ್ರೆಟ್ ಹಾಕಿದ್ದು ಗೊತ್ತಾಗದ ಹಾಗೆ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲಮ್ಮ. ಇಷ್ಟು ವರ್ಷ ನುಡಿಸಿದ ಬೆರಳು. ಮುಟ್ಟಿದ ಕೂಡಲೇ ತಿಳಿಯುತ್ತದೆ.”

“ತಿಳಿಯಲಿ” ಎಂದರು ಅನಂತಮತಿ. “ಅವರು ಕೇಳುವುದಿಲ್ಲ.”

ಆ ಎರಡು ದಿನ ನಾನು ಬೇರೆ ಕೆಲಸ ಹಿಡಿಯಲಿಲ್ಲ. ಒಂದೊಂದೇ ಫ್ರೆಟ್ ಬಿಸಿ ಮಾಡಿ ಕಿತ್ತು ಕಾಗದದ ಮೇಲೆ ಇಟ್ಟೆ. ಕೆಲವು ಎಷ್ಟು ತೆಳುವಾಗಿದ್ದವೆಂದರೆ ಚಿಮ್ಮಟದಲ್ಲಿ ಹಿಡಿದಾಗ ಬಾಗಿದವು. ಸಾಮಾನ್ಯವಾಗಿ ಹಳೆಯ ಫ್ರೆಟ್ ಕಸದ ಡಬ್ಬಿಗೆ ಹೋಗುತ್ತದೆ. ಇವನ್ನು ಎಸೆಯಲು ಕೈ ಬರಲಿಲ್ಲ. ಮಾಂಸದ ಬೆರಳು, ತಂತಿಯ ಮೇಲೆ ಬಂದು ಕೂತು ಎದ್ದು, ಕೂತು ಎದ್ದು, ಲೋಹವನ್ನು ಹೀಗೆ ತಿಂದದ್ದು. ಚಪ್ಪಾಳೆ ಇಲ್ಲ, ಸಂಬಳ ಇಲ್ಲ, ಭೇಷ್ ಎನ್ನುವವರು ಒಬ್ಬರೂ ಇಲ್ಲ. ಹೊಟ್ಟೆಪಾಡಿಗೆ ನಾಲ್ಕು ಮದರಂಗಿ ಕಾರ್ಯಕ್ರಮದಲ್ಲಿ ನುಡಿಸಿ, ಜನ ಕೇಳುವುದಿಲ್ಲ ಎಂದು ಸಿಡಿಮಿಡಿಗೊಳ್ಳುವ ನನಗೆ ನಾಚಿಕೆಗಿಂತ ಹೆಚ್ಚು ಬೆರಗೇ ಆಯಿತು. ಶಾಫಿಯಣ್ಣ ಎರಡು ಸಲ ಇಣುಕಿ, “ಏನು ಇವತ್ತು ರೇಡಿಯೋ ಬಂದ್?” ಎಂದ. ಹೋಗು ಮಾರಾಯ ಎಂದು ಕಳಿಸಿದೆ.

ಅನಂತಮತಿ ಹೇಳಿದ ಹೊತ್ತಿಗೆ ಬಂದರು. ಹೊಸ ತಂತಿ ಬಿಗಿದು, ಒಮ್ಮೆ ನುಡಿಸಿ ನೋಡುವ ಎಂದು ಮಡಿಲಲ್ಲಿ ಇಟ್ಟುಕೊಂಡೆ. ಅವರು ತಟ್ಟನೆ ಎದ್ದರು.

“ಸ್ವಲ್ಪ ತಡೆಯಿರಿ. ನಾನು ರಸ್ತೆಗೆ ಹೋಗ್ತೇನೆ.”

“ಅಮ್ಮಾ, ನುಡಿಸುವುದು ನಾನು. ನಿಮ್ಮವರಲ್ಲ. ಇದರಿಂದ ವ್ರತಕ್ಕೆ ಏನೂ ಆಗುವುದಿಲ್ಲ.”

“ಇದರ ಸ್ವರ ಹೇಗೆ ಅಂತ ಒಮ್ಮೆ ಗೊತ್ತಾಯಿತು ಅಂತಾದರೆ, ಗ್ರೈಂಡರಿನ ಎಡೆಯಿಂದ ಕೂಡ ನನ್ನ ಕಿವಿ ಅದನ್ನು ಹುಡುಕ್ತದೆ ಮಗಾ” ಎಂದರು. “ಕಿವಿಗೆ ಹೇಳಿದರೆ ಕೇಳುವುದಿಲ್ಲ.”

ಅವರು ರಸ್ತೆ ದಾಟಿ ಎದುರಿನ ಹೂವಿನಂಗಡಿಯ ಹತ್ತಿರ, ನನಗೆ ಬೆನ್ನು ಹಾಕಿ ನಿಂತರು. ಬಸ್ಸುಗಳು ಹಾರ್ನ್ ಹೊಡೆಯುತ್ತಾ ಹೋಗುತ್ತಿದ್ದವು. ನಾನು ಹೆಬ್ಬೆರಳಿನಿಂದಲೇ ಮೀಟಿದೆ. ಸ್ವರಗಳು ಸಣ್ಣಗೆ, ಸ್ವಚ್ಛವಾಗಿ, ಒಂದೊಂದೂ ಬೇರೆಬೇರೆಯಾಗಿ ಬಂದವು. ಕಣ್ಣು ತುಂಬಿತು. ಅದರಲ್ಲಿ ಮುಚ್ಚಿಡುವುದೇನಿಲ್ಲ, ನಾನು ಅತ್ತೆ. ಮತ್ತೆ ಗಿಟಾರನ್ನು ಪಂಚೆ, ಹೊದಿಕೆ, ಗೋಣಿಯಲ್ಲಿ ಮೊದಲಿನಂತೆಯೇ ಸುತ್ತಿ ಅವರ ಕೈಗೆ ಕೊಟ್ಟೆ.

ಆಮೇಲೆ ಏನಾಯಿತೋ ಎಂಬ ಚಿಂತೆ ನನ್ನನ್ನು ಬಿಡಲಿಲ್ಲ. ಭರತರಾಜರು ಹೊಸ ಫ್ರೆಟ್ ಮುಟ್ಟಿದ ಕ್ಷಣದಲ್ಲೇ ಗುಟ್ಟು ಬಯಲಾಯಿತೆಂದು ಗಿಟಾರನ್ನು ಶಾಶ್ವತವಾಗಿ ಕೆಳಗಿಟ್ಟಿದ್ದರೆ? ನಾನು ಸರಿಮಾಡಿದ್ದೇ ಅದಕ್ಕೆ ಮುಳುವಾಗಿದ್ದರೆ? ಫೋನ್ ಮಾಡುವ ಹಾಗಿಲ್ಲ, ಯಾರಲ್ಲೂ ಕೇಳುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಶಾಫಿಯಣ್ಣನ ಅಂಗಡಿಯ ಎದುರು ರಿಕ್ಷಾ ನಿಂತಿತು. ಬಿಳಿ ಪಂಚೆ, ತೋಳು ಮಡಚಿದ ಅಂಗಿಯ ಹಿರಿಯರೊಬ್ಬರು ಇಳಿದರು. ನನಗೆ ಮುಖಪರಿಚಯವಿದ್ದವರೇ. ಆಗಾಗ ನನ್ನ ಅಂಗಡಿಗೆ ಬಂದು, ಬೆಳ್ತಂಗಡಿಯ ಪರಿಚಯದವರೊಬ್ಬರಿಗೆ ಎಂದು ಗಿಟಾರಿನ ತಂತಿ ಕೊಂಡೊಯ್ಯುತ್ತಿದ್ದರು. ರಿಕ್ಷಾದವನೂ ಅವರೂ ಸೇರಿ ಹಳೆಯ ಗ್ರೈಂಡರ್ ಒಂದನ್ನು ಇಳಿಸಿದರು.

ಶಾಫಿಯಣ್ಣ ಕಲ್ಲನ್ನು ಎತ್ತಿ ಕೈಯಾಡಿಸಿ, “ಓ ದೇವರೇ!” ಎಂದ. “ವಿಸ್ಮಿತಾ, ಇಲ್ಲಿ ಬಾ, ನೋಡು. ಗಾಜಿನ ಹಾಗೆ ಆಗಿದೆ. ಇದರಲ್ಲಿ ಅಕ್ಕಿ ಅರೆದದ್ದಲ್ಲ. ಕಲ್ಲಿಗೆ ಕಲ್ಲೇ ಉಜ್ಜಿದ್ದು. ಇಷ್ಟು ಸವೆಯಬೇಕಾದರೆ ಎಷ್ಟು ವರ್ಷ ಖಾಲಿ ತಿರುಗಿಸಿದ್ದಾರೆ ಅಣ್ಣ, ಯಾರಿಗೆ ಹುಚ್ಚು?”

ನಾನು ಹೋಗಿ ಕಲ್ಲನ್ನು ಮುಟ್ಟಿದೆ. ಹಿರಿಯರ ಎಡಗೈಯನ್ನು ನೋಡಿದೆ. ಬೆರಳ ತುದಿಗಳು ಜಡ್ಡುಗಟ್ಟಿದ್ದವು. ತಂತಿಯ ಗೆರೆ ಹೊಸದಾಗಿ ಕೆಂಪಗೆ ಮೂಡಿತ್ತು.

“ಮನೆಯವಳು ಮುಂಡಾಜೆಗೆ ತಂಗಿಯಲ್ಲಿಗೆ ಹೋಗಿದ್ದಾಳೆ” ಎಂದರು ಅವರು ಶಾಫಿಯಣ್ಣನಿಗೆ. “ನಾಳೆ ಬರುವುದರೊಳಗೆ ಕಲ್ಲನ್ನು ಉಳಿಯಲ್ಲಿ ಕುಟ್ಟಿ ಸರಿ ಮಾಡಿ ಕೊಡಬೇಕು.”

“ಕುಟ್ಟಿದ್ದು ಅಕ್ಕನಿಗೆ ಕೂಡಲೇ ಗೊತ್ತಾಗ್ತದೆ ಅಣ್ಣ. ಈಗ ಸದ್ದು ಕಮ್ಮಿ, ಆಮೇಲೆ ಜೋರು ಬರ್ತದೆ.”

“ಗೊತ್ತಾಗಲಿ. ಅವಳು ಕೇಳುವುದಿಲ್ಲ.”

ಅಷ್ಟು ಹೇಳಿ ಅವರು ನನ್ನ ಕಡೆ ತಿರುಗಿದರು. ನನ್ನ ಅಂಗಡಿಯ ಬೋರ್ಡನ್ನು ಮೊದಲ ಸಲ ಕಂಡವರಂತೆ ಓದಿದರು. ನನ್ನ ಮೇಜಿನ ಮೇಲೆ, ಗಾಜಿನ ಬಾಟ್ಲಿಯಲ್ಲಿ ನಾನು ಎಸೆಯದೆ ಇಟ್ಟಿದ್ದ ಹಳೆಯ ಫ್ರೆಟ್‌ಗಳು ಅವರ ಕಣ್ಣಿಗೆ ಬಿದ್ದವು. ಹತ್ತಿರ ಬಂದು ಅವನ್ನೇ ನೋಡಿದರು.

“ಒಂದು ಸೆಟ್ ತಂತಿ ಕೊಡಿ” ಎಂದರು ಕೊನೆಗೆ. ಈ ಸಲ ಯಾರಿಗೆಂದು ಹೇಳಲಿಲ್ಲ.

ತಂತಿಯನ್ನು ಜೇಬಿಗೆ ಹಾಕಿಕೊಂಡು, ಉಳಿ ಹುಡುಕುತ್ತಿದ್ದ ಶಾಫಿಯಣ್ಣನ ಹತ್ತಿರ ಹೋಗಿ ಆ ನುಣುಪು ಕಲ್ಲಿನ ಮೇಲೆ ಕೈಯಿಟ್ಟರು.

“ನಮ್ಮಲ್ಲಿ ಸಂಜೆ ಊಟ ಆದ ಮೇಲೆ ಅರೆಯಲಿಕ್ಕೆ ಏನೂ ಇರುವುದಿಲ್ಲ” ಎಂದರು. “ಒಳ್ಳೆ ಆಳಕ್ಕೆ ಕುಟ್ಟಿ. ಇನ್ನೂ ತುಂಬ ವರ್ಷ ತಿರುಗಬೇಕು.”