ಬೆನ್ನ ಹಿಂದಿನ ಕೈ

ಮಾವನ ಕಣ್ಣು ಮಂಜಾಗಿರುವ ವಿಷಯ ಮನೆಯಲ್ಲಿ ಸೊಸೆಯೊಬ್ಬಳಿಗೇ ಗೊತ್ತಿತ್ತು. ಅವಳ ಗಂಡನಿಗೆ ಗೊತ್ತಿರಲಿಲ್ಲ. ಅವನಿಗಿದ್ದದ್ದು ಕನ್ನಡಕದ ಅಂಗಡಿ! ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಕಬ್ಬಿಣ ಕಡೆಯುವ ಲೇತ್ ಮಿಷನ್ನಿನ ಮುಂದೆ ನಿಂತೇ ವಯಸ್ಸು ಕಳೆದ ಮಾವನಿಗೆ ನಿವೃತ್ತಿಯಾದ ಮೇಲೆ ಹತ್ತಿದ ಹುಚ್ಚು ಒಂದೇ, ರಿಮೋಟಿನಲ್ಲಿ ಹಾರುವ ಹೆಲಿಕಾಪ್ಟರ್. ಅರ್ಧಕ್ಕರ್ಧ ಕೈಯಾರೆ ಕಟ್ಟಿದ್ದು. ಯಾರಾದರೂ ಆಟಿಕೆ ಎಂದರೆ ಸಿಡುಕುತ್ತಿದ್ದರು. ಸಿಡುಕಬೇಕಾದದ್ದೇ, ಅದರ ರೆಕ್ಕೆ ತಿರುಗುವಾಗ ಅಡ್ಡ ಬಂದ ಕೈ ನೆಟ್ಟಗೆ ಉಳಿಯುವುದಿಲ್ಲ. ಆದರೆ ಈಗೀಗ ನೆಲದ ಮೇಲಿನದೆಲ್ಲ ಅವರಿಗೆ ಪೂರಾ ಮಬ್ಬು, ಆಕಾಶದ ಬೆಳಕಿಗೆ ಅಡ್ಡವಾಗಿ ಅದು ಮೇಲೇರಿದರೆ ಅವರಿಗೆ ಕಾಣುತ್ತಿದ್ದದ್ದು ಬರೀ ಕಪ್ಪು ಚುಕ್ಕೆ. ಮೂತಿ ಎತ್ತ, ಬಾಲ ಎತ್ತ ತಿಳಿಯುತ್ತಿರಲಿಲ್ಲ. ಮೂತಿ ನಮ್ಮ ಕಡೆ ತಿರುಗಿದಾಗ ಎಡಕ್ಕೆ ತಳ್ಳಿದ ರಿಮೋಟಿನ ಕಡ್ಡಿ ಅದನ್ನು ಬಲಕ್ಕೆ ಒಯ್ಯುತ್ತದೆ. ಅಲ್ಲಿ ತಪ್ಪಿದರೆ ಯಂತ್ರ ನೆಲ ಕಚ್ಚಿದಂತೆಯೇ.

ಅದಕ್ಕೇ ಇಬ್ಬರೂ ಸೇರಿ ಉಪಾಯ ಹೂಡಿದ್ದರು. ಅವಳು ಬೆನ್ನ ಹಿಂದೆ ನಿಂತು ಮಾವನ ಅಂಗಿ ಹಿಡಿದಿರುವುದು. ಒಮ್ಮೆ ಎಳೆದರೆ ಮೂತಿ ಈ ಕಡೆ, ಎರಡು ಸಲ ಎಳೆದರೆ ಬಾಲ ಈ ಕಡೆ. ಎಷ್ಟು ಕೆಳಗಿಳಿಯಿತು ಎನ್ನುವುದನ್ನು ಮಾವ ಸದ್ದಿನಲ್ಲೇ ಅಳೆಯುತ್ತಿದ್ದರು.

ಮೊನ್ನೆ ಅವರು ಲೋಟದ ಪಕ್ಕಕ್ಕೆ ನೀರು ಸುರಿದದ್ದನ್ನು ಮಗ ನೋಡಿಬಿಟ್ಟ.

"ಅಪ್ಪ, ಭಾನುವಾರ ನಾನೂ ಮೈದಾನಕ್ಕೆ ಬರ್ತೀನಿ. ನಿಮಗೆ ಕಾಣಿಸ್ತಿಲ್ಲ ಅಂತ ಗೊತ್ತಾದ್ರೆ ಅವತ್ತೇ ಅದು ಅಟ್ಟಕ್ಕೆ."

"ಬಾರಪ್ಪ, ಕಣ್ತುಂಬ ನೋಡು," ಎಂದರು ಮಾವ. ಆಮೇಲೆ ಅವರಿಗೆ ಊಟ ಸೇರಲಿಲ್ಲ.

ಭಾನುವಾರ ಯಂತ್ರ ಮೇಲೇರಿದಾಗ ಸೊಸೆ ಗಂಡನಿಗೆ ಕಾಣದಂತೆ ಮಾವನ ಅಂಗಿಯನ್ನು ಹಿಡಿದಿದ್ದಳು. ಗಂಡ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

"ನೀನ್ಯಾಕೆ ಅಪ್ಪನ ಬೆನ್ನಿಗೆ ಅಂಟ್ಕೊಂಡಿದ್ದೀಯ?"

"ಬಿಸಿಲು ರೀ. ನಿಮ್ಮ ನೆರಳು ನಂಬ್ಕೊಂಡ್ರೆ ಆಯ್ತು, ಮಾವಂದೇ ವಾಸಿ."

ಅವನು ನಕ್ಕ. ಯಂತ್ರ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಬೆರಳು ಎಳೆದಂತೆಲ್ಲ ಮಾವ ತಿರುಗಿಸಿದರು, ಕೂದಲೆಳೆಯಷ್ಟೂ ತಪ್ಪಲಿಲ್ಲ. ಮಗನ ಮುಖ ಅರಳಿತು. ಇಳಿಯುವುದನ್ನು ಎದುರಿನಿಂದ ವಿಡಿಯೋ ಮಾಡಬೇಕೆಂದು ಫೋನ್ ಹಿಡಿದು, ಮಾತಿಲ್ಲದೆ ನೇರ ಮೈದಾನದೊಳಕ್ಕೆ ನಡೆದುಬಿಟ್ಟ.

ಯಂತ್ರ ಮೂತಿ ಈ ಕಡೆ ಮಾಡಿಕೊಂಡು ಅವನ ತಲೆಯ ಮಟ್ಟಕ್ಕೆ ಇಳಿಯುತ್ತಿತ್ತು. ಅವನ ಕಣ್ಣು ಫೋನಿನೊಳಗೆ. ಮೂತಿಗೊಂದು ಸನ್ನೆ ಇತ್ತು, ಬಾಲಕ್ಕೊಂದು ಸನ್ನೆ ಇತ್ತು. ಮನುಷ್ಯನಿಗೆ ಸನ್ನೆಯೇ ಇರಲಿಲ್ಲ! ಯಂತ್ರದ ಬಗ್ಗೆ ಅಷ್ಟೆಲ್ಲ ಯೋಚಿಸಿದವರಿಗೆ ಇದೊಂದು ಹೊಳೆದಿರಲಿಲ್ಲ. ಗಾಬರಿಯಲ್ಲಿ ಸೊಸೆ ಅಂಗಿಯನ್ನು ಎಳೆದಳು, ಮತ್ತೆ ಎಳೆದಳು. ಬಾಲ ಈ ಕಡೆ ಬಂತೆಂದು ತಿಳಿದು ಮಾವ ಕಡ್ಡಿ ತಳ್ಳಿದರು. ಯಂತ್ರ ವಾಲಿ ಸೀದಾ ಅವನತ್ತ ನುಗ್ಗಿತು.

"ಮಾವ, ಆಫ್ ಮಾಡಿ! ಅಲ್ಲಿ ಜನ ಇದ್ದಾರೆ!"

ಮಾವ ಏಕೆ ಎಂದು ಕೇಳಲಿಲ್ಲ. ಹೆಬ್ಬೆರಳು ಸ್ವಿಚ್ಚನ್ನು ಒತ್ತಿತು. ಯಂತ್ರ ಮಗುಚಿ ನೆಲಕ್ಕೆ ಬಡಿಯಿತು, ರೆಕ್ಕೆ ಚೂರುಚೂರಾಗಿ ಸಿಡಿಯಿತು. ಒಂದು ಚೂರು ಗಂಡನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಅವನು ಬಿಳಿಚಿಕೊಂಡು ನಿಂತ. ಆಮೇಲೆ ಬೈಯುವುದಕ್ಕೆಂದೇ ದುಡುದುಡು ಬಂದು ಅಪ್ಪನ ಎದುರಿಗೆ ನಿಂತ.

ಎದುರಿಗಿದ್ದವನು ಕಾಣದೆ ಮಾವ ಮೈದಾನದ ಕಡೆಗೇ ಮುಖಮಾಡಿ ಕೇಳಿದರು, "ಯಾರಮ್ಮ ಅಲ್ಲಿದ್ದೋರು? ಪೆಟ್ಟಾಯ್ತಾ? ಯಂತ್ರ ಹಾಳಾಗಿ ಹೋಗ್ಲಿ, ಯಾರು ಅಂತ ಹೇಳಮ್ಮ!"

ಬಾಯಿಗೆ ಬಂದದ್ದನ್ನೆಲ್ಲ ಮಗ ನುಂಗಿಕೊಂಡ.

"ನಾನೇ ಅಪ್ಪ. ಏನೂ ಆಗಿಲ್ಲ."

ಅಳು ಅಪ್ಪನಿಗೆ ಕೇಳಿಸಬಾರದೆಂದು ಅವನು ಸದ್ದಿಲ್ಲದೆ ಹೆಂಡತಿಯ ಪಕ್ಕಕ್ಕೆ ಸರಿದ. ಅವಳು ತಲೆ ಎತ್ತಲಿಲ್ಲ.

ಮಾವ ಕೊರಳಿನಿಂದ ರಿಮೋಟಿನ ಪಟ್ಟಿ ತೆಗೆದು, ದನಿ ಬಂದಿದ್ದ ಕಡೆಗೆ ಎರಡೂ ಕೈ ಚಾಚಿದರು.

"ತಗೋಪ್ಪ. ಅಟ್ಟಕ್ಕೆ ಹಾಕು."

ಅಲ್ಲಿ ಯಾರೂ ಇರಲಿಲ್ಲ. ಮಗ ಬೆಕ್ಕಿನ ಹೆಜ್ಜೆಯಿಟ್ಟು ಮತ್ತೆ ಆ ಜಾಗಕ್ಕೇ ಹೋಗಿ ನಿಂತು, ಮೊದಲಿನಿಂದಲೂ ಅಲ್ಲೇ ಇದ್ದವನ ಹಾಗೆ ತೆಗೆದುಕೊಂಡ.