ಕೆರೆ ಏರಿಯ ಜ್ವರ

ಆಂಬುಲೆನ್ಸಿನ ಬಾಗಿಲು ತೆರೆಯುತ್ತಿದ್ದಂತೆ ನಿಂಗಯ್ಯ ಅಡ್ಡ ನಿಂತ. ಸತ್ತ ಅಂಕಮ್ಮನಿಗೆ ಅವನು ಮೈದುನ.

“ಮನೆ ತಾವ ಇಳಿಸ್ಬ್ಯಾಡಿ. ಸೀದಾ ಒಲಕ್ಕೆ ತಕಂಡೋಗಿ ಮಣ್ಣು ಮಾಡ್ಬುಡಾನ. ಮಕ್ಕಳು ಮರಿ ಇರೋ ಬೀದಿ ಇದು.”

ತಾಯಿಯ ತಲೆಯ ಬಳಿ ಕೂತಿದ್ದ ರೂಪ ಎದ್ದಳು. “ಇದು ಒಬ್ಬರಿಂದ ಒಬ್ಬರಿಗೆ ಅಂಟಾ ಕಾಯ್ಲೆ ಅಲ್ಲ ಚಿಕ್ಕಪ್ಪ. ಉಲ್ಲಲ್ಲಿರೋ ನುಸಿ ಕಚ್ಚಿದ್ರೆ ಬರೋದು. ಅವ್ವನ ಮಂಡಿ ಹಿಂದೆ ಬೀಡಿ ಸುಟ್ಟಂಗೆ ಕರ್ರಗೆ ಗಾಯ ಇತ್ತು. ನಾವು ಅಂಗ್ಡಿ ಮಾತ್ರೆ ನುಂಗಿಸ್ಕೊಂಡು ತಡ ಮಾಡ್ಬುಟ್ವಿ.”

“ಅದು ಮಳವಳ್ಳಿ ಕಡೆ ಕಾಡಂಚಿನೋರ್ಗೆ ಬರೋ ಜ್ವರ ಕಣಮ್ಮ. ನಮ್ಮೂರ್ಗೆ ಎಲ್ಲಿಂದ ಬತ್ತದೆ?”

“ಆಗ ಅಲ್ಲಿತ್ತು. ಈಗ ನಮ್ಮ ಕೆರೆ ಏರಿ ಮೇಲೂ ಅದೆ, ಕಬ್ಬಿನ ಬದಿನಲ್ಲೂ ಅದೆ. ಓದ ವರ್ಸ ಪಕ್ಕದ್ಮನೆ ಪಟ್ಟಲಮ್ಮತ್ತೆಗೆ ಬರ್ನಿಲ್ವಾ? ಬೇಗ ಆಸ್ಪತ್ರೆಗೆ ಓದ್ರು, ಉಳ್ಕಂಡ್ರು.”

* * *

ರೂಪ ಹೈಸ್ಕೂಲಿನಲ್ಲಿದ್ದಾಗ, ಮಳವಳ್ಳಿ ಆಚೆ ಕಾಡಂಚಿನ ತವರಿನಲ್ಲಿ ಅಂಕಮ್ಮನ ಅತ್ತಿಗೆ ಇದೇ ಜ್ವರಕ್ಕೆ ಸತ್ತಿದ್ದಳು. ಕಾಡುಜ್ವರ ಎನ್ನುತ್ತಿದ್ದರು, ಹೆದರಿ ಹೆಣದ ಹತ್ತಿರ ಯಾರೂ ಸುಳಿಯಲಿಲ್ಲ. ಹಸುವಿಗೆ ಹುಲ್ಲು ಕೊಯ್ದು ಡೇರಿಗೆ ಹಾಲು ಹಾಕಿ ಬದುಕು ಸಾಗಿಸುತ್ತಿದ್ದ ಅಂಕಮ್ಮ, ನಾಲ್ಕು ಜನರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ. ಅಂದು ಸೆರಗು ಸಿಕ್ಕಿಸಿ ಒಳಗೆ ಹೋದಳು.

“ನಂಗೂ ಬಂದ್ರೆ ಬರ್ಲಿ. ಅವಳ್ನ ನಾಯಿ ಎಳ್ದಂಗೆ ಎಳ್ಕಂಡೋಗಕ್ಕೆ ಬುಡಕಿಲ್ಲ.”

ಒಬ್ಬಳೇ ಮೈ ತೊಳೆದು, ತಲೆ ಬಾಚಿ, ಹೂ ಮುಡಿಸಿದಳು. ಅವಳಿಗೆ ಏನೂ ಆಗಲಿಲ್ಲ.

* * *

“ಅವತ್ತು ಅವ್ವ ಯಾರ್ನೂ ಕೇಳ್ನಿಲ್ಲ. ನಾನೂ ಕೇಳಕಿಲ್ಲ,” ಎಂದು ರೂಪ ಸ್ಟ್ರೆಚರಿಗೆ ಕೈ ಹಾಕಿದಳು. ಇನ್ನೊಂದು ತುದಿಯನ್ನು ಅವಳ ಗಂಡ ಯತೀಶ್ ಹಿಡಿದ. ನಿಂಗಯ್ಯ ಸರಿಯಬೇಕಾಯಿತು.

ಜಗಲಿಯ ಮುಂದೆ ಸೀರೆ ಮರೆ ಕಟ್ಟಿದರು. ಪಟ್ಟಲಮ್ಮ ಹಂಡೆಯಿಂದ ಬಿಸಿನೀರು ತಂದಿಟ್ಟು, ಅಂಕಮ್ಮನ ಪಾದ ಉಜ್ಜತೊಡಗಿದಳು. ಮತ್ತಿಬ್ಬರು ಹೆಂಗಸರು ಬಂದು ಸೇರಿಕೊಂಡರು.

ಚಟ್ಟ ಎತ್ತುವ ಹೊತ್ತಿಗೆ ಹೆಗಲು ಕೊಡಲು ಬಂದವರು ಮೂವರೇ ಗಂಡಸರು. ಮುಂದಿನ ಬಲತುದಿಗೆ ರೂಪ ಹೋಗಿ ನಿಂತಳು.

“ಎಣ್ಣುಮಕ್ಕಳು ಎಗಲು ಕೊಡಕಿಲ್ಲ ಕಣಮ್ಮ,” ಎಂದ ನಿಂಗಯ್ಯ.

“ಕೊಡಬೇಕಾದೋರು ದೂರ ನಿಂತವ್ರಲ್ಲ.”

ಅವಳು ಎತ್ತಿಯೇಬಿಟ್ಟಳು. ಎತ್ತರ ಸಾಲದೆ ಚಟ್ಟ ಅವಳ ಕಡೆಗೆ ವಾಲಿತು. ಆದರೂ ನಡೆದಳು.

ಬೀದಿಯ ಕೊನೆ ದಾಟುವಾಗ ನಿಂಗಯ್ಯ ಬಿರಬಿರನೆ ಬಂದು, ಮುಂದಿನ ಎಡತುದಿಯಲ್ಲಿದ್ದವನನ್ನು ಸರಿಸಿ ತನ್ನ ಹೆಗಲು ಕೊಟ್ಟ. ರೂಪ ಅವನ ಕಡೆ ತಿರುಗಲಿಲ್ಲ. ಅವಳ ಎತ್ತರಕ್ಕೆ ಸಮವಾಗಲೆಂದು ಆ ಉದ್ದನೆಯ ಆಳು ಮಂಡಿ ಬಗ್ಗಿಸಿಕೊಂಡೇ ಹೊಲದವರೆಗೂ ನಡೆದ.