ಎರ್ಸಿಲಿಯಾಳ ಪಾಪನಿವೇದನೆ

ನನ್ನ ಗಂಡ ಫುಲ್ಜೆನ್ಸಿಯೊ ಊಟಕ್ಕೆ ಕೂತರೆ ಸಾಕು, ನಾಲಿಗೆ ಸಡಿಲವಾಗುತ್ತಿತ್ತು. ಪೋಪರ ಆಳ್ವಿಕೆಗೆ ಸೇರಿದ ರೊಮಾನ್ಯಾ ಸೀಮೆಯ ನಮ್ಮ ಊರಿನಲ್ಲಿ ವರ್ತಕರ ಮಕ್ಕಳಿಗೆ ಲೆಕ್ಕ ಕಲಿಸುವ ಮೇಷ್ಟ್ರು ಅವರು. ಒಂದು ಸಂಜೆ ರೊಟ್ಟಿಯನ್ನು ಕಾಳಿನ ಸಾರಿನಲ್ಲಿ ಅದ್ದುತ್ತಾ, "ಭೂಮಿ ತಿರುಗ್ತಾ ಇದೆ ಕಣೇ. ಸೂರ್ಯ ನಿಂತಲ್ಲೇ ನಿಂತಿದಾನೆ," ಎಂದರು.

"ಹಾಗಾದ್ರೆ ನನ್ನ ಸಾರು ಯಾಕ್ರೀ ಚೆಲ್ತಿಲ್ಲ?" ಎಂದೆ.

ಮಗಳು ಎರ್ಸಿಲಿಯಾ ಬಿದ್ದು ಬಿದ್ದು ನಕ್ಕಳು. ಅವಳಿಗೆ ಅಪ್ಪನ ಮಾತೆಂದರೆ ಪ್ರಾಣ. ಚರ್ಚೆಂದರೂ ಅಷ್ಟೇ ಪ್ರಾಣ.

ಭೂಮಿ ಚಲಿಸುತ್ತದೆನ್ನುವುದು ಪವಿತ್ರ ಗ್ರಂಥಕ್ಕೆ ವಿರುದ್ಧ ಎಂದು ರೋಮಿನಿಂದ ಆಜ್ಞೆ ಬಂದು ವರ್ಷಗಳೇ ಆಗಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೂ ಗೊತ್ತಿತ್ತು. ಆದರೆ ನಮ್ಮ ಅಡುಗೆಮನೆಯ ಮಾತು ಯಾರ ಕಿವಿಗೆ ಬಿದ್ದೀತು?

ಈಸ್ಟರ್ ಹತ್ತಿರ ಬಂತು. ಆಗ ಎಲ್ಲರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿ ಪರಮಪ್ರಸಾದ ತೆಗೆದುಕೊಳ್ಳಲೇಬೇಕು. ತಪ್ಪಿಸಿದವರ ಹೆಸರನ್ನು ಚರ್ಚಿನ ಬಾಗಿಲಿಗೆ ಅಂಟಿಸುತ್ತಾರೆ. ನನ್ನ ಮಗಳಿಗೋ ಹೇಳಿಕೊಳ್ಳಲು ಪಾಪವೇ ಇರಲಿಲ್ಲ. ಹುಡುಕಿ ಹುಡುಕಿ, ಅಪ್ಪ ಭೂಮಿ ತಿರುಗುತ್ತದೆ ಎಂದಾಗ ತಾನು ನಕ್ಕೆ ಎಂದು ಹೇಳಿಕೊಂಡಳಂತೆ.

"ಮೊದಲು ಧರ್ಮವಿರೋಧಿಗಳ ವಿಚಾರಣೆ ಮಾಡೋ ಗುರುಗಳ ಹತ್ರ ಹೋಗಿ ಇದನ್ನ ಹೇಳು. ಅಲ್ಲೀವರೆಗೂ ನಿಂಗೆ ಕ್ಷಮೆ ಇಲ್ಲ," ಎಂದರಂತೆ ಪಾದ್ರಿ.

ಅವಳು ಹೋಗಿ ಹೇಳಿದಳು. ಭಟರು ಬಂದು ಅಪ್ಪನನ್ನು ಕರೆದೊಯ್ದ ದಿನ ನನ್ನ ಲಂಗದ ಅಂಚು ಹಿಡಿದು ನಿಂತಿದ್ದಳು. "ಒಂದ್ ಮಾತು ಬೈದು ಕಳಿಸ್ತಾರೆ ಅಂದ್ಕೊಂಡೆ, ಅಮ್ಮಾ."

ನನ್ನ ಗಂಡ ಮನೆಗೆ ಬರುವಷ್ಟರಲ್ಲಿ ದ್ರಾಕ್ಷಿ ಕೊಯ್ಲು ಮುಗಿದಿತ್ತು. ಕೈಯಲ್ಲಿ ಮೇಣದಬತ್ತಿ ಹಿಡಿದು, ಊರೆಲ್ಲ ನೋಡುತ್ತಿರುವಾಗ ಮಂಡಿಯೂರಿ, ತಮ್ಮ ಮಾತನ್ನು ತಾವೇ ಶಪಿಸಿ ಬಂದಿದ್ದರು. ಪಾಠ ಹೇಳುವಂತಿಲ್ಲ ಎಂದಾಯಿತು. ಆ ಪಾದ್ರಿಯ ಬಾಯಿಗೆ ಮಣ್ಣು ಬೀಳಲಿ! ಮಗಳನ್ನು ಮಾತ್ರ ನನಗೆ ಬೈಯಲಾಗಲಿಲ್ಲ. ಅವರೂ ಬೈಯಲಿಲ್ಲ. ಅವಳು ಬಂದು ಕೂತರೆ ಕಾಳಿನ ಬೆಲೆ, ಹವಾಮಾನ, ಇಷ್ಟೇ ಮಾತು. ಅದಕ್ಕಿಂತ ಎರಡು ಏಟು ಹಾಕಿದ್ದರೆ ಹುಡುಗಿ ತಡೆದುಕೊಳ್ಳುತ್ತಿದ್ದಳು.

ಚಳಿಗಾಲ ಕಳೆದು ಮತ್ತೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಬಂದವು. ಒಂದು ದಿನ ಎರ್ಸಿಲಿಯಾ ತಟ್ಟೆ ದೂಡಿ ಅವರ ಕಾಲ ಬಳಿ ಕೂತಳು.

"ಅಪ್ಪಾ, ನಂಗೆ ಹೇಳು. ನಿಜವಾಗ್ಲೂ ತಿರುಗತ್ತಾ?"

"ಇಲ್ಲಮ್ಮ. ಭೂಮಿ ನಿಂತಿದೆ. ಸೂರ್ಯ ತಿರುಗ್ತಾನೆ." ಬಾಯಿಪಾಠ ಒಪ್ಪಿಸಿದ ಹಾಗಿತ್ತು.

"ಅದಲ್ಲಪ್ಪಾ! ಮೊದಲು ಹೇಳ್ತಿದ್ಯಲ್ಲ, ಅದನ್ನ ಹೇಳು. ನಾನು ಯಾರ್ಗೂ ಹೇಳಲ್ಲ, ನಿನ್ನಾಣೆ!"

ಅವರು ಅವಳ ತಲೆ ಸವರಿದರು. "ಈಸ್ಟರ್‌ಗೆ ನೀನು ಪಾದ್ರಿ ಹತ್ರ ಹೋಗ್ಬೇಕಲ್ಲ, ಮಗಾ."

ಅವಳು ಅವರ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ಅವರೂ ಅಳುತ್ತಿದ್ದರು. ಅಳುತ್ತಲೇ ಬಗ್ಗಿ, ಅವಳ ಕಿವಿಗೆ ಸ್ಪಷ್ಟವಾಗಿ ಬೀಳುವಂತೆ ಮತ್ತೊಮ್ಮೆ ಹೇಳಿದರು: "ಭೂಮಿ ನಿಂತಿದೆ."